ಅಳವಡಿಕೆಯ ಕೆಲಸದಲ್ಲಿ ಮನೆಗೆ ಹಾನಿಯಾಯಿತೇ? ಮನೆಯವರೂ ಗುತ್ತಿಗೆದಾರರೂ ಪದೇ ಪದೇ ಕೇಳುವ ಪ್ರಶ್ನೆಗಳು

ಏಸಿ, ಗೀಸರ್, ಅಡುಗೆಮನೆಯ ಕಪಾಟು, ಕಿಟಕಿ, ನೆಲಹಾಸು, ಹೀಗೆ ಮನೆಯಲ್ಲಿ ಏನನ್ನೇ ಕೂರಿಸಿದರೂ ಗೋಡೆ ಕೊರೆಯಬೇಕಾಗುತ್ತದೆ, ಭಾರದ ವಸ್ತುಗಳನ್ನು ಎಳೆದಾಡಬೇಕಾಗುತ್ತದೆ, ನೀರಿನ ಮತ್ತು ವಿದ್ಯುತ್ತಿನ ದಾರಿಗೆ ಕೈ ಹಾಕಬೇಕಾಗುತ್ತದೆ. ಕೆಲಸ ಮುಗಿದ ಮೇಲೆ ಒಂದು ಬಿರುಕೋ ಗೀರೋ ಹಸಿಯೋ ಕಣ್ಣಿಗೆ ಬಿದ್ದಾಗ ‘ನೀವೇ ಮಾಡಿದ್ದು’, ‘ಅದು ಮೊದಲೇ ಇತ್ತು’ ಎಂಬ ಎರಡು ಮಾತುಗಳ ನಡುವೆ ಜಗಳ ಹುಟ್ಟುತ್ತದೆ. ಎರಡೂ ಕಡೆಯವರ ಮಾತು ಕೇಳಿ, ಜಾಗವನ್ನು ಪರೀಕ್ಷಿಸಿ, ಅಭಿಪ್ರಾಯ ಬರೆದುಕೊಡುವ ಕೆಲಸದಲ್ಲಿ ನನ್ನ ಎದುರಿಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಕೇಳಿದವರ ಧಾಟಿಯಲ್ಲೇ ಕೊಟ್ಟಿದ್ದೇನೆ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಬಗೆಯಾಗಿರುವುದರಿಂದ, ಎಲ್ಲಿದ್ದರೂ ಅನ್ವಯಿಸುವ ಸಂಗತಿಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

## ಹಾನಿ ಕಂಡ ಕೂಡಲೇ

ಅವರು ಕೆಲಸ ಮುಗಿಸಿ ಹೋದ ಮೇಲೆ ನೆಲದ ಮೇಲೆ ಉದ್ದನೆಯ ಗೀರು ಕಂಡಿತು. ಮೊದಲು ಏನು ಮಾಡಲಿ?

ಮೊದಲು ಅದನ್ನು ಒರೆಸಬೇಡಿ, ಉಜ್ಜಬೇಡಿ, ಮುಚ್ಚಬೇಡಿ. ಗೀರಿನ ಮೇಲಿರುವ ಪುಡಿ, ಪಕ್ಕದಲ್ಲಿ ಬಿದ್ದಿರುವ ಚೂರು, ವಸ್ತುವನ್ನು ಎಳೆದ ದಿಕ್ಕು ಎಲ್ಲವೂ ಸಾಕ್ಷಿಗಳು. ಫೋಟೊ ತೆಗೆದು, ಅದೇ ದಿನ ಗುತ್ತಿಗೆದಾರರಿಗೆ ಲಿಖಿತವಾಗಿ ತಿಳಿಸಿ. ಆ ಬರಹದಲ್ಲಿ ಆರೋಪ ಬೇಕಿಲ್ಲ. ಎಲ್ಲಿ, ಏನು, ಯಾವಾಗ ಕಂಡಿತು ಎಂಬುದಿದ್ದರೆ ಸಾಕು. ‘ಫ್ರಿಜ್ ಇಟ್ಟ ಜಾಗದಿಂದ ಬಾಗಿಲವರೆಗೆ ಸುಮಾರು 40 ಸೆಂಟಿಮೀಟರ್ ಉದ್ದದ ಗೀರು ಇಂದು ಸಂಜೆ ಕಂಡಿದೆ, ಬಂದು ನೋಡಿ’ ಎಂದು ಬರೆದ ಸಂದೇಶಕ್ಕೆ ‘ನಮ್ಮ ಮನೆ ಹಾಳುಮಾಡಿದಿರಿ’ ಎಂಬ ಸಂದೇಶಕ್ಕಿಂತ ಮುಂದೆ ಬಹಳ ಹೆಚ್ಚಿನ ಬೆಲೆ ಬರುತ್ತದೆ.

ನೀರು ಸೋರುತ್ತಿದ್ದರೆ ಅಥವಾ ವಿದ್ಯುತ್ತಿನ ಅಪಾಯವಿದ್ದರೆ ಮಾತ್ರ ಸಾಕ್ಷಿಗಾಗಿ ಕಾಯುವಂತಿಲ್ಲ. ಮುಖ್ಯ ವಾಲ್ವ್ ಮುಚ್ಚಬೇಕು, ಮೇನ್ ಸ್ವಿಚ್ ಆರಿಸಬೇಕು. ಕಣ್ಣೆದುರಿಗೆ ನೀರು ಹರಿಯಲು ಬಿಟ್ಟು ಆಮೇಲೆ ಪೂರ್ತಿ ನಷ್ಟ ಕೇಳಿದರೆ, ತಡೆಯಬಹುದಾಗಿದ್ದ ಭಾಗವನ್ನು ನಿಮ್ಮ ಪಾಲಿಗೇ ಬರೆಯುತ್ತಾರೆ, ಅದು ನ್ಯಾಯವೂ ಹೌದು.

ಫೋಟೊ ಇದೆಯಲ್ಲ, ಸಾಲದೇ?

ಹೆಚ್ಚಿನವರು ಹಾನಿಯನ್ನು ಮೂಗಿಗೆ ತಾಗುವಷ್ಟು ಹತ್ತಿರದಿಂದ ಒಂದೇ ಫೋಟೊ ತೆಗೆದಿರುತ್ತಾರೆ. ಅದು ಯಾವ ಕೋಣೆ, ಯಾವ ಗೋಡೆ, ಬಿರುಕು ಎಷ್ಟು ದೊಡ್ಡದು ಎಂಬುದು ನೋಡಿದವರಿಗೆ ತಿಳಿಯುವುದಿಲ್ಲ. ಇಡೀ ಕೋಣೆ ಕಾಣುವಂತೆ ಒಂದು, ಹಾನಿಯ ಸುತ್ತಲಿನ ಜಾಗ ಕಾಣುವಂತೆ ಒಂದು, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಹತ್ತಿರದಿಂದ ಒಂದು, ಹೀಗೆ ಮೂರು ಬೇಕು. ಗೀರು, ತಗ್ಗು, ಉಬ್ಬುಗಳು ನೇರ ಬೆಳಕಿನಲ್ಲಿ ಮಾಯವಾಗುತ್ತವೆ. ಟಾರ್ಚನ್ನು ನೆಲಕ್ಕೆ ಅಥವಾ ಗೋಡೆಗೆ ತಾಗಿಸಿದಂತೆ ಹಿಡಿದು ಬೆಳಕು ಓರೆಯಾಗಿ ಹಾಯುವಂತೆ ಮಾಡಿದರೆ ನೆರಳಿನಿಂದ ಎದ್ದು ಕಾಣುತ್ತವೆ. ಮೂಲ ಫೋಟೊಗಳನ್ನು ಫೋನಿನಲ್ಲೇ ಉಳಿಸಿಕೊಳ್ಳಿ. ಸಂದೇಶದ ಆ್ಯಪ್‌ಗಳ ಮೂಲಕ ಕಳಿಸಿದ ಪ್ರತಿಯಲ್ಲಿ ಸಾಮಾನ್ಯವಾಗಿ ಚಿತ್ರ ಕುಗ್ಗಿರುತ್ತದೆ, ತೆಗೆದ ದಿನಾಂಕ ಮತ್ತು ಸಮಯದ ಮಾಹಿತಿಯೂ ಕಳೆದುಹೋಗಿರುತ್ತದೆ.

ಗುತ್ತಿಗೆದಾರರಿಗೂ ಇದೇ ಮಾತು. ಕೆಲಸ ಶುರುಮಾಡುವ ಮೊದಲು ಕೋಣೆಯನ್ನೆಲ್ಲ ಸುತ್ತಿ, ಸಾಮಾನು ಸಾಗಿಸುವ ದಾರಿಯನ್ನೂ ಸೇರಿಸಿ, ಎರಡು ನಿಮಿಷದ ವಿಡಿಯೊ ತೆಗೆದಿಟ್ಟುಕೊಳ್ಳುವ ತಂಡಗಳು ಅರ್ಧಕ್ಕರ್ಧ ಜಗಳವನ್ನು ಅಲ್ಲಿಯೇ ತಪ್ಪಿಸಿಕೊಳ್ಳುತ್ತವೆ ಎಂಬುದು ನನ್ನ ಅನುಭವ.

ಸರಿಮಾಡಿಕೊಡುವವರೆಗೆ ಬಾಕಿ ಹಣ ಕೊಡುವುದಿಲ್ಲ ಎನ್ನಬಹುದೇ?

ಒಪ್ಪಂದದಲ್ಲಿ ಏನಿದೆ ಎಂಬುದನ್ನು ಮೊದಲು ಓದಿ. ಅದರಲ್ಲಿ ಏನೂ ಇಲ್ಲದಿದ್ದರೆ, ಹಾನಿಯನ್ನು ಸರಿಪಡಿಸಲು ಬೇಕಾಗುವಷ್ಟು ಮೊತ್ತವನ್ನು ಮಾತ್ರ ಕಾರಣ ಬರೆದು ತಡೆಹಿಡಿದು, ತಕರಾರಿಲ್ಲದ ಉಳಿದ ಹಣವನ್ನು ಕೊಟ್ಟುಬಿಡುವುದು ಸುರಕ್ಷಿತ ದಾರಿ. ಒಂದು ಟೈಲ್ಸಿನ ಮೂಲೆ ಒಡೆದದ್ದಕ್ಕೆ ಇಡೀ ಅಡುಗೆಮನೆಯ ಬಾಕಿಯನ್ನು ತಡೆದರೆ, ಅಲ್ಲಿಯವರೆಗೆ ದೂರುದಾರರಾಗಿದ್ದ ನೀವು ಒಪ್ಪಂದ ಮುರಿದವರಾಗಿ ಬಿಡುತ್ತೀರಿ.

‘ಕ್ಷಮಿಸಿ, ಹೀಗಾಗಬಾರದಿತ್ತು’ ಎಂದು ನಮ್ಮ ಕೆಲಸದ ಹುಡುಗ ಹೇಳಿದ್ದನ್ನೇ ತಪ್ಪೊಪ್ಪಿಗೆ ಎನ್ನುತ್ತಿದ್ದಾರೆ. ಹೌದೇ?

ಸೌಜನ್ಯದ ಮಾತು ಒಂದು, ಕಾರಣ ಒಪ್ಪಿಕೊಳ್ಳುವ ಮಾತು ಇನ್ನೊಂದು. ‘ನಿಮಗೆ ತೊಂದರೆಯಾಯಿತು, ಕ್ಷಮಿಸಿ’ ಎನ್ನುವುದರಿಂದ ಯಾರು ಒಡೆದರು ಎಂಬುದು ತೀರ್ಮಾನವಾಗುವುದಿಲ್ಲ. ‘ಡ್ರಿಲ್ ಜಾರಿತು, ಕ್ಷಮಿಸಿ’ ಎಂಬುದು ಬೇರೆ. ಅದರಲ್ಲಿ ಒಂದು ಘಟನೆಯ ವಿವರವಿದೆ, ಅದಕ್ಕೆ ತೂಕವಿದೆ. ಇದಕ್ಕೆ ಹೆದರಿ ಹುಡುಗರಿಗೆ ಬಾಯಿ ಮುಚ್ಚಿಸುವ ಗುತ್ತಿಗೆದಾರರನ್ನೂ ಕಂಡಿದ್ದೇನೆ. ಹಾಗೆ ಮಾಡಿದರೆ ಸಣ್ಣ ಹಾನಿಗಳನ್ನು ಕಪಾಟಿನ ಹಿಂದೆ ಮುಚ್ಚಿಟ್ಟು ಹೋಗುವ ಅಭ್ಯಾಸವನ್ನು ಅವರೇ ಕಲಿಸಿದಂತಾಗುತ್ತದೆ.

## ಯಾವಾಗ ಆಯಿತು, ಯಾವುದರಿಂದ ಆಯಿತು

‘ಈ ಬಿರುಕು ಮೊದಲೇ ಇತ್ತು’ ಎಂದು ಸಾಧಿಸುತ್ತಿದ್ದಾರೆ. ಹಳೆಯದೋ ಹೊಸದೋ ಎಂದು ಹೇಗೆ ತಿಳಿಯುವುದು?

ಬಿರುಕಿನೊಳಗೆ ನೋಡಬೇಕು. ಹೊಸ ಬಿರುಕಿನ ಅಂಚು ಚೂಪಾಗಿರುತ್ತದೆ, ಒಳಗಿನ ಬಣ್ಣ ತಿಳಿಯಾಗಿ ಶುಭ್ರವಾಗಿರುತ್ತದೆ. ಹಳೆಯದರಲ್ಲಿ ಧೂಳು, ಜಿಡ್ಡು, ನೆಲ ಒರೆಸಿದ ನೀರಿನ ಕೊಳೆ ಸೇರಿಕೊಂಡಿರುತ್ತದೆ, ಅಂಚು ಸವೆದು ಮೊಂಡಾಗಿರುತ್ತದೆ. ಗೋಡೆಯ ಬಿರುಕಿನೊಳಕ್ಕೆ ಬಣ್ಣ ಇಳಿದಿದ್ದರೆ, ಆ ಬಣ್ಣ ಬಳಿಯುವ ಮೊದಲೇ ಬಿರುಕು ಇತ್ತು ಎಂದರ್ಥ. ಇದಕ್ಕಿಂತ ಗಟ್ಟಿಯಾದ ಗುರುತು ಸಿಗುವುದು ಕಷ್ಟ.

ಆಕಾರವೂ ಮಾತನಾಡುತ್ತದೆ. ಡ್ರಿಲ್ಲಿನಿಂದಾದ ಬಿರುಕು ತೂತಿನಿಂದಲೇ ಹೊರಟಿರುತ್ತದೆ. ಭಾರವಾದುದು ಬಿದ್ದು ಒಡೆದ ಟೈಲ್ಸಿನಲ್ಲಿ ಪೆಟ್ಟು ಬಿದ್ದ ಕಡೆ ಚಕ್ಕೆ ಎದ್ದು, ಅಲ್ಲಿಂದ ಗೆರೆಗಳು ಹರಡಿರುತ್ತವೆ. ಒಂದೇ ಗೆರೆ ನಾಲ್ಕಾರು ಟೈಲ್ಸುಗಳನ್ನು ದಾಟಿ ನೇರವಾಗಿ ಸಾಗಿದ್ದರೆ ಕೆಳಗಿನ ಕಾಂಕ್ರೀಟೇ ಬಿರಿದು ಅಲುಗಿದೆಯೆಂದು ಮೊದಲು ಶಂಕಿಸಬೇಕು. ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಡುವ ಸೀಳುಗಳು ಕಟ್ಟಡ ನೆಲಕ್ಕೆ ತುಸು ಇಳಿಯುವುದರಿಂದ ಅಥವಾ ಗಾರೆಯ ಕುಗ್ಗುವಿಕೆಯಿಂದ ಬರುವುದು ಹೆಚ್ಚು, ಏಕೆಂದರೆ ಗೋಡೆಯ ಒತ್ತಡವೆಲ್ಲ ಆ ಮೂಲೆಗಳಲ್ಲೇ ಬಂದು ನಿಲ್ಲುತ್ತದೆ. ಆದರೂ ಹಳೆಯ ಚೌಕಟ್ಟನ್ನು ಬಡಿದು ಕಿತ್ತ ದಿನವೇ ಅಂಥ ಸೀಳು ಹೊಸದಾಗಿ ಕಂಡಿದ್ದರೆ ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

ಒಮ್ಮೆ ಪಾತ್ರೆ ತೊಳೆಯುವ ಯಂತ್ರ ಕೂರಿಸಿದ ಮೇಲೆ ಟೈಲ್ಸ್ ಸೀಳಿತೆಂಬ ದೂರು ಬಂದಿತ್ತು. ಯಂತ್ರವನ್ನು ಮುಂದಕ್ಕೆ ಎಳೆಸಿ, ಸೀಳಿನ ಮೇಲೆ ಭೂತಗನ್ನಡಿ ಹಿಡಿದು, ಹಲ್ಲುಜ್ಜುವ ಒಣ ಬ್ರಷ್ಷಿನಿಂದ ಮೆಲ್ಲಗೆ ತೀಡಿದೆ. ಬಿಳಿಯ ಪುಡಿ ಬರಬೇಕಿದ್ದ ಕಡೆ ಎಣ್ಣೆಜಿಡ್ಡಿನಲ್ಲಿ ಕಲಸಿದ ಕಪ್ಪು ಕೊಳೆ ಉಂಡೆಯಾಗಿ ಎದ್ದು ಬಂತು. ಮನೆಯ ಹಿರಿಯರು ಬಗ್ಗಿ ನೋಡಿ, ‘ಇಲ್ಲಿ ಮೊದಲು ಬೀರು ಇತ್ತು, ಕೆಳಗೆ ನಾವು ನೋಡಿಯೇ ಇರಲಿಲ್ಲ’ ಎಂದರು. ಅವರು ಸುಳ್ಳು ಹೇಳಿದವರಲ್ಲ. ಜನ ಹೊಸ ವಸ್ತು ಬಂದ ದಿನವೇ ನೆಲವನ್ನು ಮೊದಲ ಬಾರಿಗೆ ಸರಿಯಾಗಿ ನೋಡುವುದು.

ಅವರು ಬಂದು ಹೋದ ಮರುದಿನವೇ ಸೋರತೊಡಗಿತು. ಅವರೇ ಕಾರಣ ಎನ್ನಲು ಇಷ್ಟು ಸಾಲದೇ?

ಸಾಲದು, ಶಂಕೆಗೆ ಸಾಕು, ತೀರ್ಮಾನಕ್ಕೆ ಸಾಲದು. ಕೆಲಸದ ನಂತರ ಆಗಿದೆ ಎಂಬುದರಿಂದ ಕೆಲಸದಿಂದಲೇ ಆಗಿದೆ ಎಂದು ಸಿದ್ಧವಾಗುವುದಿಲ್ಲ. ಅವರು ಮುಟ್ಟಿದ ಜಾಗದಿಂದ ಹಾನಿಯಾದ ಜಾಗಕ್ಕೆ ಒಂದು ದಾರಿಯನ್ನು ತೋರಿಸಲೇಬೇಕು.

ಸೋರಿಕೆಯಲ್ಲಿ ಆ ದಾರಿಯನ್ನು ಹುಡುಕುವುದಕ್ಕೆ ಸುಲಭದ ಪರೀಕ್ಷೆಯೊಂದಿದೆ. ಮನೆಯ ಎಲ್ಲ ನಲ್ಲಿಗಳನ್ನೂ ನೀರು ಬಳಸುವ ಯಂತ್ರಗಳನ್ನೂ ನಿಲ್ಲಿಸಿ, ನೀರಿನ ಮೀಟರಿನ ಅಂಕಿಯನ್ನು ಬರೆದುಕೊಂಡು, ಒಂದೆರಡು ಗಂಟೆ ಬಿಟ್ಟು ಮತ್ತೆ ನೋಡಿ. ಅಂಕಿ ಮುಂದೆ ಹೋಗಿದ್ದರೆ ಒತ್ತಡದಲ್ಲಿರುವ ಪೂರೈಕೆಯ ಪೈಪೇ ಎಲ್ಲೋ ಸೋರುತ್ತಿದೆ. ನಿಂತಲ್ಲೇ ಇದ್ದರೆ ಕೊಳಚೆಯ ಪೈಪು, ಮಳೆನೀರು ಅಥವಾ ಏಸಿಯಿಂದ ಇಳಿಯುವ ನೀರಿನ ಕಡೆಗೆ ಗಮನ ಹರಿಸಬೇಕು. ಮೀಟರ್ ಮತ್ತು ಮನೆಯ ನಡುವೆ ಟ್ಯಾಂಕ್ ಇದ್ದರೆ ಈ ಪರೀಕ್ಷೆ ನಡೆಯದು. ಆಗ ಟ್ಯಾಂಕಿಗೆ ನೀರು ಬರುವುದನ್ನು ನಿಲ್ಲಿಸಿ, ಅದರಲ್ಲಿರುವ ನೀರಿನ ಮಟ್ಟಕ್ಕೆ ಗುರುತು ಹಾಕಿ ನೋಡಬಹುದು.

ಕಲೆಯೂ ವಯಸ್ಸು ಹೇಳುತ್ತದೆ. ಒಂದರೊಳಗೊಂದು ಕಂದು ಬಣ್ಣದ ಬಳೆಗಳಂತೆ ಕಾಣುವ ಕಲೆ ನೆನೆದು, ಒಣಗಿ, ಮತ್ತೆ ನೆನೆದ ಜಾಗದ್ದು. ಗೋಡೆಯ ಮೇಲೆ ಬಿಳಿ ಉಪ್ಪು ಹೂವಿನಂತೆ ಅರಳಿದ್ದರೆ ಬಹಳ ಕಾಲದಿಂದ ತೇವ ಹಾಯುತ್ತಿದೆ. ಬೂಷ್ಟು ಮಾತ್ರ ಮೋಸ ಮಾಡುತ್ತದೆ. ಅನುಕೂಲವಾದ ವಾತಾವರಣದಲ್ಲಿ ಅದು 24ರಿಂದ 48 ಗಂಟೆಯೊಳಗೇ ಬೆಳೆಯಲಾರಂಭಿಸಬಹುದಾದ್ದರಿಂದ, ಬೂಷ್ಟು ಇದೆ ಎಂದ ಮಾತ್ರಕ್ಕೆ ಸೋರಿಕೆ ಹಳೆಯದೆನ್ನುವಂತಿಲ್ಲ.

ಕಪಾಟು ಕೂರಿಸಿ ಎಂಟು ತಿಂಗಳಾಯಿತು, ಈಗ ಗೋಡೆ ಹಸಿಯಾಗಿದೆ. ಇಷ್ಟು ತಡವಾಗಿ ಅವರನ್ನು ಕೇಳಿದರೆ ನಗುವುದಿಲ್ಲವೇ?

ಕೆಲಸ ಬಲ್ಲವರು ನಗುವುದಿಲ್ಲ. ಗೋಡೆಯೊಳಗಿನ ಲೋಹದ ಪೈಪಿಗೆ ಸ್ಕ್ರೂ ಹೊಕ್ಕಾಗ, ಆ ಸ್ಕ್ರೂವೇ ತೂತಿಗೆ ಬಿರಡೆಯಂತೆ ಕೂತುಬಿಡುವುದುಂಟು. ಒಂದು ಹನಿಯೂ ಹೊರಬರುವುದಿಲ್ಲ. ತಿಂಗಳುಗಳು ಕಳೆದು, ಸ್ಕ್ರೂ ತುಕ್ಕು ಹಿಡಿದು ಸಡಿಲವಾದ ಮೇಲೆ ನೀರು ಜಿನುಗತೊಡಗುತ್ತದೆ. ಮಿತಿಮೀರಿ ಬಿಗಿದ ಪ್ಲಾಸ್ಟಿಕ್ ಜೋಡಣೆಯೂ ಹಾಗೆಯೇ. ಬಿಗಿದ ದಿನ ಗಟ್ಟಿಯಾಗಿಯೇ ಇದ್ದು, ಒತ್ತಡವನ್ನು ಹೊತ್ತು ಹೊತ್ತು ಮುಂದೆ ಎಂದೋ ಸೀಳುತ್ತದೆ.

ಆದ್ದರಿಂದ ತಡವಾಯಿತು ಎಂಬುದೇ ಗುತ್ತಿಗೆದಾರರ ಪೂರ್ತಿ ಉತ್ತರವಾಗಲಾರದು. ಆದರೆ ನೀವೂ ಒಂದು ಎಚ್ಚರ ವಹಿಸಬೇಕು: ಗೋಡೆ ಒಡೆದು ನೋಡುವ ದಿನ ಅವರನ್ನು ಮುಂಚಿತವಾಗಿ ಬರೆದು ಕರೆಯಿರಿ. ತುಕ್ಕು ಹಿಡಿದ ಸ್ಕ್ರೂ ಪೈಪಿನಲ್ಲಿ ಚುಚ್ಚಿ ನಿಂತಿರುವುದನ್ನು ಅವರೇ ಕಣ್ಣಾರೆ ಕಂಡರೆ ಮಾತು ಮುಗಿಯುತ್ತದೆ. ನೀವೊಬ್ಬರೇ ತೆರೆದು, ಪೈಪ್ ಬದಲಿಸಿ, ಹಳೆಯ ತುಂಡನ್ನು ಕಸಕ್ಕೆ ಹಾಕಿದರೆ ಮಾತು ಎಂದಿಗೂ ಮುಗಿಯುವುದಿಲ್ಲ. ತೆಗೆದ ತುಂಡನ್ನು ದಿನಾಂಕ ಬರೆದು ಎತ್ತಿಡಿ. ದೂರು ಕೊಡಲು ಕಾಲಮಿತಿ ಎಲ್ಲ ಕಡೆಯೂ ಇರುವುದರಿಂದ ಹಸಿ ಕಂಡ ಮೇಲೆ ಸುಮ್ಮನೆ ಕೂರಬಾರದು.

ಗೋಡೆಯೊಳಗೆ ಅಲ್ಲಿ ಪೈಪ್ ಇದೆಯೆಂದು ನಮಗೆ ಯಾರೂ ಹೇಳಲಿಲ್ಲ. ಆದರೂ ತಪ್ಪು ನಮ್ಮದೇ?

ಗುತ್ತಿಗೆದಾರರ ಈ ಪ್ರಶ್ನೆಗೆ ನನ್ನ ಉತ್ತರ ಅವರಿಗೆ ಅಷ್ಟಾಗಿ ಹಿಡಿಸುವುದಿಲ್ಲ. ಮನೆಯವರಿಗೆ ತಮ್ಮ ಗೋಡೆಯೊಳಗೆ ಏನಿದೆ ಎಂಬುದು ಸಾಮಾನ್ಯವಾಗಿ ಗೊತ್ತಿರುವುದಿಲ್ಲ; ಗೊತ್ತುಮಾಡಿಕೊಂಡು ಕೊರೆಯುವುದು ಕಸುಬಿನವರ ಕೆಲಸ. ನಲ್ಲಿಯ ನೇರಕ್ಕೆ ಮೇಲೆ ಕೆಳಗೆ, ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ ಕೆಳಗೆ ಮತ್ತು ಅಡ್ಡಕ್ಕೆ ಪೈಪು ತಂತಿಗಳಿರಬಹುದೆಂದು ಊಹಿಸುವುದು ಈ ಕಸುಬಿನ ಮೊದಲ ಪಾಠ, ಪತ್ತೆ ಮಾಡುವ ಉಪಕರಣಗಳೂ ಸಿಗುತ್ತವೆ. ಮನೆಯವರ ಹತ್ತಿರ ನಕ್ಷೆಯಿದ್ದೂ ಕೇಳಿದಾಗ ಕೊಡದಿದ್ದರೆ, ಅಥವಾ ‘ಇಲ್ಲೇನೂ ಇಲ್ಲ, ಕೊರೆಯಿರಿ’ ಎಂದು ಅವರೇ ಜಾಗ ತೋರಿಸಿದ್ದರೆ, ಅಥವಾ ಯಾವ ಕ್ರಮಕ್ಕೂ ಸಿಗದಂತೆ ಪೈಪ್ ಓರೆಯಾಗಿ ಹಾಯ್ದಿದ್ದರೆ, ಹೊಣೆ ಹಂಚಿಹೋಗುತ್ತದೆ. ನೀವು ಕೇಳಿದ್ದಿರಿ ಎಂಬುದಕ್ಕೆ ಒಂದು ಸಾಲಿನ ಸಂದೇಶವಾದರೂ ಇರಬೇಕು.

ಟೈಲ್ಸಿನ ಹಿಂದೆ ಮೊದಲೇ ಟೊಳ್ಳಿತ್ತು, ಡ್ರಿಲ್ ಇಟ್ಟ ಕೂಡಲೇ ಒಡೆಯಿತು. ಪೂರ್ತಿ ನಾವೇ ಕೊಡಬೇಕೇ?

ಕೊರೆಯುವ ಮೊದಲು ಬೆರಳಿನಿಂದ ಅಥವಾ ಸುತ್ತಿಗೆಯ ಹಿಡಿಯಿಂದ ತಟ್ಟಿದ್ದರೆ ಟೊಳ್ಳು ಸದ್ದು ಕೇಳುತ್ತಿತ್ತು. ಕೇಳಿಸಿಕೊಂಡು, ಮನೆಯವರಿಗೆ ‘ಇದು ಒಡೆಯಬಹುದು, ಜಾಗ ಬದಲಿಸೋಣವೇ’ ಎಂದು ತಿಳಿಸಿ, ಅವರು ಒಪ್ಪಿದ ಮೇಲೆ ಕೊರೆದಿದ್ದರೆ ನಿಮ್ಮ ಪಕ್ಷ ಬಲವಾಗಿದೆ. ತಟ್ಟಿಯೂ ನೋಡದೆ, ಡ್ರಿಲ್ಲಿನ ಹ್ಯಾಮರ್, ಅಂದರೆ ಬಡಿತ, ಚಾಲೂ ಇಟ್ಟು ನೇರವಾಗಿ ಟೈಲ್ಸಿಗೆ ಡ್ರಿಲ್ ಒತ್ತಿದ್ದರೆ ಟೊಳ್ಳಿನ ಮೇಲೆ ತಪ್ಪು ಹೊರಿಸಲಾಗದು. ಟೈಲ್ಸನ್ನು ಬಡಿತವಿಲ್ಲದೆ, ಅದಕ್ಕೆಂದೇ ಇರುವ ಬಿಟ್‌ನಿಂದ, ನಿಧಾನದ ವೇಗದಲ್ಲಿ ಕೊರೆಯಬೇಕು.

ಕೂರಿಸಿದ ಮೂರು ವಾರಕ್ಕೆ ಸ್ನಾನದ ಮನೆಯ ಗಾಜು ಯಾರೂ ಮುಟ್ಟದೆ ಪುಡಿಯಾಯಿತು. ಇದು ಯಾರ ತಲೆಗೆ?

ಹದಗೊಳಿಸಿದ ಗಾಜು, ಅಂದರೆ ಟಫನ್ಡ್ ಗ್ಲಾಸ್, ತನ್ನೊಳಗೆ ಬಿಗಿದ ಒತ್ತಡವನ್ನು ಇಟ್ಟುಕೊಂಡೇ ಇರುತ್ತದೆ. ಅಂಚಿನಲ್ಲಿ ಸಣ್ಣ ಚಕ್ಕೆ ಎದ್ದಿದ್ದರೂ, ಹಿಡಿಕೆಯ ಲೋಹ ಗಾಜಿಗೆ ನೇರವಾಗಿ ತಾಗಿದ್ದರೂ, ತಯಾರಿಕೆಯ ವೇಳೆ ನಿಕಲ್ ಸಲ್ಫೈಡಿನ ಕಣ ಒಳಗೆ ಸೇರಿದ್ದರೂ ಅದು ತಾನೇ ತಾನಾಗಿ ಸಿಡಿಯಬಹುದು. ಮೊದಲ ಎರಡು ಅಳವಡಿಸಿದವರ ಅಥವಾ ಸಾಗಿಸಿದವರ ಕಡೆಯವು, ಮೂರನೆಯದು ತಯಾರಕರದು. ಒಡೆತ ಶುರುವಾದ ಬಿಂದುವಿನಲ್ಲಿ ನಿಕಲ್ ಸಲ್ಫೈಡ್ ಇದ್ದರೆ ಎರಡು ದೊಡ್ಡ ಚೂರುಗಳು ಚಿಟ್ಟೆಯ ರೆಕ್ಕೆಗಳಂತೆ ಜೊತೆಯಾಗಿ ಕಾಣುವುದುಂಟು. ಆದರೆ ಅಷ್ಟರಲ್ಲಿ ಯಾರೋ ಗುಡಿಸಿ ಎಸೆದಿರುತ್ತಾರೆ. ಚೌಕಟ್ಟಿನಲ್ಲಿ ಉಳಿದ ಚೂರುಗಳನ್ನು ಅಲುಗಿಸುವ ಮೊದಲು ಫೋಟೊ ತೆಗೆಯುವುದು ಇಲ್ಲಿ ಬಹಳ ಮುಖ್ಯ.

## ಹಣದ ಲೆಕ್ಕ

ಒಡೆದದ್ದು ಒಂದು ಟೈಲ್ಸ್, ಇಡೀ ನೆಲ ಹೊಸದಾಗಿ ಹಾಕಿಸಿಕೊಡಿ ಎನ್ನುತ್ತಾರೆ. ಇದು ನ್ಯಾಯವೇ?

ಪರಿಹಾರವೆಂದರೆ ಹಾನಿಯ ಮೊದಲಿದ್ದ ಸ್ಥಿತಿಗೆ ತರುವುದು, ಅದಕ್ಕಿಂತ ಮೇಲಕ್ಕೆ ಏರಿಸುವುದಲ್ಲ. ಹದಿನೈದು ವರ್ಷ ಸವೆದ ನೆಲಕ್ಕೆ ಬದಲಾಗಿ ಹೊಸ ನೆಲ ಬಂದರೆ ಮನೆಯವರಿಗೆ ಹೆಚ್ಚುವರಿ ಲಾಭವಾಗುತ್ತದೆ. ಆ ಲಾಭದ ಪಾಲನ್ನು ಸವಕಳಿಯೆಂದು ಕಳೆಯುವ ವಾಡಿಕೆಯಿರುವುದು ಇದಕ್ಕೇ. ಇದು ಒಂದು ಮುಖ.

ಇನ್ನೊಂದು ಮುಖವಿದೆ, ಗುತ್ತಿಗೆದಾರರು ಅದನ್ನು ಕಡೆಗಣಿಸುತ್ತಾರೆ. ಟೈಲ್ಸುಗಳ ಬಣ್ಣದ ಛಾಯೆ ತಯಾರಾದ ಕಂತಿನಿಂದ ಕಂತಿಗೆ ಬದಲಾಗುತ್ತದೆ. ಅದೇ ಹೆಸರಿನ ಟೈಲ್ಸ್ ತಂದು ಹಾಕಿದರೂ ನಡುಕೋಣೆಯಲ್ಲಿ ತೇಪೆ ಹಾಕಿದಂತೆ ಎದ್ದು ಕಾಣಬಹುದು. ಆಗ ‘ಒಂದಕ್ಕೆ ಒಂದು’ ಎಂಬ ವಾದವೂ ನಿಲ್ಲುವುದಿಲ್ಲ. ನಾನು ಸಾಮಾನ್ಯವಾಗಿ ಹೇಳುವ ಕ್ರಮ ಹೀಗಿದೆ. ಮೊದಲು ಮನೆಯಲ್ಲೇ ಉಳಿಸಿಟ್ಟ ಟೈಲ್ಸ್ ಇದೆಯೇ ನೋಡಿ. ಇಲ್ಲದಿದ್ದರೆ ಕಪಾಟಿನ ಕೆಳಗಿನಂಥ ಕಾಣದ ಜಾಗದಿಂದ ಒಂದನ್ನು ಒಡೆಯದಂತೆ ಎಬ್ಬಿಸಿ ಇಲ್ಲಿ ಕೂರಿಸಿ, ಹೊಸದನ್ನು ಅಲ್ಲಿ ಹಾಕಿ. ಅದೂ ಆಗದಿದ್ದರೆ ಬಾಗಿಲಿನ ಗೆರೆಯಂತೆ ಸಹಜವಾಗಿ ಬೇರೆಯಾಗಿ ಕಾಣುವ ಮಿತಿಯವರೆಗೆ ಮಾತ್ರ ಬದಲಿಸಿ. ಗೀರುಗಳಿಗೆ ಇಷ್ಟು ದೂರ ಹೋಗಬೇಕಿಲ್ಲ. ಮರದ ನೆಲವಾದರೆ ಉಜ್ಜಿ ಹೊಳಪು ಕೊಡಬಹುದು, ಕಲ್ಲಾದರೆ ಪಾಲಿಶ್ ಮಾಡಬಹುದು.

ಹಾಳುಮಾಡಿದವರ ಕೈಯಲ್ಲೇ ರಿಪೇರಿ ಮಾಡಿಸಬೇಕೇ? ನಂಬಿಕೆಯೇ ಹೋಗಿದೆ.

ಅವರಿಗೆ ನೋಡುವ ಅವಕಾಶವನ್ನೂ, ಬರೆದು ತಿಳಿಸಿದ ಒಂದು ಗಡುವನ್ನೂ ಕೊಡಲೇಬೇಕು. ಹಾಗೆ ಕೊಡದೆ ಬೇರೆಯವರಿಂದ ಮಾಡಿಸಿ ಬಿಲ್ಲನ್ನು ಮುಂದಿಟ್ಟರೆ, ‘ನಾವೇ ಇದರ ಕಾಲುಭಾಗಕ್ಕೆ ಮಾಡುತ್ತಿದ್ದೆವು’ ಎಂಬ ಮಾತಿಗೆ ನಿಮ್ಮಲ್ಲಿ ಉತ್ತರವಿರುವುದಿಲ್ಲ. ಗಡುವು ದಾಟಿದರೆ, ಅಥವಾ ಅವರ ಮೊದಲ ರಿಪೇರಿಯೇ ಕೆಟ್ಟಿದ್ದರೆ, ಎರಡು ಕಡೆಯ ಕೊಟೇಷನ್ ತರಿಸಿ ಮುಂದುವರಿಯಿರಿ.

ವಿಮೆ ಇದೆಯಲ್ಲ, ಅದರಿಂದ ತೆಗೆದುಕೊಂಡರೆ ಇಬ್ಬರಿಗೂ ನೆಮ್ಮದಿಯಲ್ಲವೇ?

ಯಾವ ವಿಮೆ ಯಾವುದಕ್ಕೆ ಎಂಬಲ್ಲಿ ಗೊಂದಲ ಹೆಚ್ಚು. ಗುತ್ತಿಗೆದಾರರ ಹೊಣೆಗಾರಿಕೆ ವಿಮೆ ಸಾಮಾನ್ಯವಾಗಿ ಅವರ ಕೆಲಸದಿಂದ ಬೇರೆಯವರ ಆಸ್ತಿಗಾದ ಹಾನಿಗೆ ಬರುತ್ತದೆ, ಕೆಟ್ಟದಾಗಿ ಮಾಡಿದ ಕೆಲಸವನ್ನೇ ಮತ್ತೆ ಮಾಡುವ ಖರ್ಚಿಗೆ ಬರುವುದಿಲ್ಲ. ಕಪಾಟು ಕಳಚಿ ನೆಲ ಒಡೆದರೆ ನೆಲಕ್ಕೆ ಹಣ ಬಂದೀತು, ಕಪಾಟನ್ನು ಮತ್ತೆ ಕೂರಿಸುವುದಕ್ಕೆ ಬಾರದು. ಮನೆಯವರ ವಿಮೆ ಹಠಾತ್ತಾಗಿ ಆದ ಹಾನಿಗೆ ಒಲಿಯುವಷ್ಟು ತಿಂಗಳುಗಟ್ಟಲೆ ಜಿನುಗಿದ ನೀರಿಗೆ ಒಲಿಯುವುದಿಲ್ಲ. ಮನೆಯವರಿಗೆ ಹಣ ಕೊಟ್ಟ ವಿಮಾ ಕಂಪನಿ ಅದನ್ನು ಗುತ್ತಿಗೆದಾರರಿಂದ ವಸೂಲು ಮಾಡಲು ಬರಬಹುದು ಎಂಬುದನ್ನು ಇಬ್ಬರೂ ನೆನಪಿಡಬೇಕು. ಎರಡೂ ವಿಮೆಗಳಲ್ಲಿ ಕೂಡಲೇ ತಿಳಿಸಬೇಕೆಂಬ ಷರತ್ತು ಇರುವುದು ಸಾಮಾನ್ಯ.

## ಮಾತು ಬೆಳೆದ ಮೇಲೆ

ಕೆಲಸ ಮಾಡಿದವರು ಅಂಗಡಿಯವರ ಜನವಲ್ಲ, ಬೇರೆ ಯಾರೋ ಎನ್ನುತ್ತಿದ್ದಾರೆ. ನಾನು ಯಾರನ್ನು ಕೇಳಲಿ?

ನಿಮಗೆ ಬಿಲ್ ಕೊಟ್ಟವರನ್ನು ಮೊದಲು ಕೇಳಿ. ಅವರು ಕೆಲಸವನ್ನು ಉಪಗುತ್ತಿಗೆಗೆ ಕೊಟ್ಟದ್ದು ಅವರಿಬ್ಬರ ನಡುವಿನ ಲೆಕ್ಕ. ವಸ್ತುವನ್ನು ಒಬ್ಬರಿಂದ ಕೊಂಡು, ಅಳವಡಿಕೆಗೆ ನೀವೇ ಬೇರೆಯವರಿಗೆ ಹಣ ಕೊಟ್ಟು ಕರೆಸಿದ್ದರೆ ಮಾತು ಬೇರೆ. ಆಗ ಅಳವಡಿಸಿದವರೇ ಉತ್ತರ ಹೇಳಬೇಕು.

‘ಕೆಲಸದ ವೇಳೆ ಆಗುವ ಯಾವುದೇ ಹಾನಿಗೆ ನಾವು ಹೊಣೆಯಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಿದ್ದೇನೆ. ಮುಗಿಯಿತೇ?

ಮುಗಿಯಿತೆಂದು ಕೈಬಿಡಬೇಡಿ. ಇಂಥ ಸಾಲುಗಳು ಎಷ್ಟು ಊರ್ಜಿತ ಎಂಬುದನ್ನು ಆಯಾ ದೇಶದ ಕಾನೂನು ತೀರ್ಮಾನಿಸುತ್ತದೆ, ಅಜಾಗರೂಕತೆಗೂ ಅದು ರಕ್ಷೆಯಾಗುತ್ತದೆಯೇ ಎಂಬುದು ಹಲವೆಡೆ ಬಿಗಿಯಾಗಿ ಪರಿಶೀಲನೆಗೆ ಒಳಗಾಗುತ್ತದೆ. ‘ಹಳೆಯ ಪೈಪ್ ಬಿಚ್ಚುವಾಗ ಮುರಿಯಬಹುದು’ ಎಂದು ನಿರ್ದಿಷ್ಟ ಅಪಾಯವನ್ನು ಹೆಸರಿಸಿ ಪಡೆದ ಸಹಿಗೆ ಹೆಚ್ಚು ತೂಕ ಬರುತ್ತದೆ.

ಪರಿಣತರನ್ನು ಕರೆಸೋಣ ಎಂದರೆ, ಅವರು ಕರೆಸಿದವರನ್ನು ನಾನು ನಂಬುವುದಿಲ್ಲ, ನಾನು ಕರೆಸಿದವರನ್ನು ಅವರು ನಂಬುವುದಿಲ್ಲ. ಏನು ಮಾಡುವುದು?

ಇಬ್ಬರೂ ಒಪ್ಪಿದ ಒಬ್ಬರನ್ನು, ಖರ್ಚನ್ನು ಸಮವಾಗಿ ಹಂಚಿಕೊಂಡು ಕರೆಸಿ. ತಪ್ಪು ಯಾರದೆಂದು ತೀರಿದ ಮೇಲೆ ಆ ಖರ್ಚನ್ನೂ ಅವರೇ ಹೊರುವುದೆಂದು ಮೊದಲೇ ಬರೆದುಕೊಳ್ಳಬಹುದು. ಅದಕ್ಕಿಂತ ಮುಖ್ಯವಾದುದು ಅವರ ಮುಂದಿಡುವ ಪ್ರಶ್ನೆ. ‘ತಪ್ಪು ಯಾರದು’ ಎಂದು ಕೇಳಬೇಡಿ. ಹಾನಿ ಏನು, ಯಾವ ಕಾಲದ್ದು, ಯಾವ ಕಾರಣಗಳಿಂದ ಆಗಿರಬಹುದು, ಅವುಗಳಲ್ಲಿ ಯಾವುದನ್ನು ಯಾವ ಗುರುತಿನಿಂದ ತಳ್ಳಿಹಾಕುತ್ತೀರಿ, ಸರಿಪಡಿಸುವ ಅತಿ ಕಡಿಮೆ ಖರ್ಚಿನ ದಾರಿ ಯಾವುದು ಎಂದು ಇದೇ ಕ್ರಮದಲ್ಲಿ ಕೇಳಿ. ಜಗಳದಲ್ಲಿರುವವರು ಬಹುಪಾಲು ಕೊನೆಯ ಪ್ರಶ್ನೆಯಿಂದ ಶುರುಮಾಡಿ, ಮೊತ್ತಕ್ಕಾಗಿ ಕಿತ್ತಾಡುತ್ತಾ, ಮೊದಲ ಮೂರನ್ನು ಮುಟ್ಟಿಯೇ ಇರುವುದಿಲ್ಲ.

ತೇವ ಅಳೆಯುವ ಮೀಟರಿನ ಅಂಕಿಯೊಂದನ್ನೇ ಹಿಡಿದು ತೀರ್ಪು ಕೊಡುವವರ ಬಗ್ಗೆ ಎಚ್ಚರವಿರಲಿ. ಗೋಡೆಯಲ್ಲಿ ಉಪ್ಪು ಸೇರಿದ್ದರೆ, ಒಳಗೆ ಲೋಹವಿದ್ದರೆ, ಒಣ ಗೋಡೆಯೂ ಹಸಿಯೆಂದು ತೋರಿಸುತ್ತದೆ. ಹಸಿಯೆನ್ನುವ ಜಾಗದ ಅಂಕಿಯನ್ನು ಅದೇ ಗೋಡೆಯ ಒಣ ಭಾಗದ ಅಂಕಿಯೊಂದಿಗೆ ಹೋಲಿಸಿ, ದಿನಗಳ ಅಂತರದಲ್ಲಿ ಮತ್ತೆ ಅಳೆದರೆ ಮಾತ್ರ ಅದಕ್ಕೆ ಅರ್ಥ.

ಕೊನೆಗೆ ಒಂದು ಮೊತ್ತಕ್ಕೆ ಒಪ್ಪಿಕೊಂಡಿದ್ದೇವೆ. ಬಾಯಿಮಾತು ಸಾಕೇ, ಏನಾದರೂ ಬರೆಯಬೇಕೇ?

ಬರೆಯಿರಿ, ಒಂದೇ ಪುಟ ಸಾಕು. ಯಾವ ಹಾನಿಯ ಬಗ್ಗೆ ಈ ಇತ್ಯರ್ಥ ಎಂಬುದನ್ನು ಕೋಣೆ, ಗೋಡೆ, ಅಳತೆ ಸಹಿತ ಹೆಸರಿಸಿ. ಮೊತ್ತ ಎಷ್ಟು ಅಥವಾ ಯಾವ ರಿಪೇರಿ, ಯಾವ ದಿನದೊಳಗೆ, ಬಾಕಿ ಹಣದಲ್ಲಿ ಎಷ್ಟು ಮುರಿದುಕೊಳ್ಳಲಾಗಿದೆ ಎಂಬುದನ್ನು ಬರೆಯಿರಿ. ತಪ್ಪು ಒಪ್ಪಿಕೊಳ್ಳದೆಯೂ ಹಣ ಕೊಡಬಹುದು, ಹಾಗೆಂದು ಒಂದು ಸಾಲು ಸೇರಿಸುವುದಕ್ಕೆ ಗುತ್ತಿಗೆದಾರರು ಬಯಸಿದರೆ ಮನೆಯವರು ಹಠ ಹಿಡಿಯಬೇಕಿಲ್ಲ. ಮನೆಯವರು ಗಮನಿಸಬೇಕಾದದ್ದು ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂಬ ಪದಗಳನ್ನು. ಅವುಗಳಿಗೆ ಸಹಿ ಹಾಕಿದ ಮೇಲೆ ಅದೇ ಗೋಡೆಯ ಒಳಗಿನಿಂದ ಇನ್ನೊಂದು ತುಕ್ಕು ಹಿಡಿದ ಸ್ಕ್ರೂ ಹೊರಬಂದರೂ ಕೇಳುವುದು ಕಷ್ಟವಾಗುತ್ತದೆ. ಆದ್ದರಿಂದ ‘ಇಂದು ಕಂಡಿರುವ, ಮೇಲೆ ಹೆಸರಿಸಿದ ಹಾನಿಗೆ ಮಾತ್ರ’ ಎಂದು ಸೇರಿಸಿ, ಇಬ್ಬರೂ ಸಹಿ ಮಾಡಿ, ಆಯಾ ಫೋಟೊಗಳ ಮುದ್ರಿತ ಪ್ರತಿಯನ್ನು ಆ ಕಾಗದಕ್ಕೇ ಲಗತ್ತಿಸಿಡಿ.